ಅತ್ತೆಯ ಮರದ ಹಾಳೆಗಳು

ಯಾರ ಮನೆಗೆ ಹೋದರೂ ಅಲಗಣ್ಣನ ಕೈಗೆ ಒಂದು ಚಾಕು ಬಂದುಬಿಡುತ್ತದೆ. ಬ್ರೆಡ್ಡಾಗಲಿ, ಸೌತೆಕಾಯಾಗಲಿ, ಈರುಳ್ಳಿಯಾಗಲಿ, "ನೀವೇ ಕತ್ತರಿಸಿ, ನಿಮ್ಮಷ್ಟು ತೆಳ್ಳಗೆ ಇನ್ಯಾರಿಗೆ ಬರುತ್ತೆ" ಅಂತ ನಗುತ್ತಾ ಮುಂದಿಡುತ್ತಾರೆ. ಅವನು ಹಲ್ಲು ಕಚ್ಚಿಕೊಂಡು ಕತ್ತರಿಸುತ್ತಾನೆ. ಒಂದು ಹೋಳು ಹೆಬ್ಬೆರಳಿನಷ್ಟು ದಪ್ಪ. ಇನ್ನೊಂದು ಈ ತುದಿಗೆ ದಪ್ಪ, ಆ ತುದಿಗೆ ಇಲ್ಲವೇ ಇಲ್ಲ. ಎಲ್ಲರೂ ಮತ್ತೆ ನಗುತ್ತಾರೆ. ತೆಳ್ಳಗೆ ಕತ್ತರಿಸುವುದು ತಾನಲ್ಲ, ಯಂತ್ರ. ತನ್ನ ಕೆಲಸ ಆ ಯಂತ್ರದ ಅಲಗನ್ನು ಹದವಾಗಿಡುವುದು ಅಂತ ಅವನು ಮದುವೆಯಾದಾಗಿನಿಂದ ಹೇಳುತ್ತಲೇ ಇದ್ದಾನೆ. ಕಿವಿಗೆ ಹಾಕಿಕೊಂಡವರು ಒಬ್ಬರೂ ಇಲ್ಲ.

ಅವನು ಕೆಲಸ ಮಾಡುವುದು ಮರದ ಹಾಳೆ ತೆಗೆಯುವ ಕಾರ್ಖಾನೆಯಲ್ಲಿ. ಬಾಗಿಲು, ಮೇಜು, ಕಪಾಟುಗಳ ಮೇಲೆ ಅಂಟಿಸುತ್ತಾರಲ್ಲ ವೆನೀರ್, ಅದು. ಒಳ್ಳೆಯ ಜಾತಿಯ ದಿಮ್ಮಿಯನ್ನು ಉದ್ದಕ್ಕೆ ಎರಡು ಸೀಳು ಮಾಡಿ, ಬಿಸಿನೀರಿನ ತೊಟ್ಟಿಯಲ್ಲಿ ದಿನಗಟ್ಟಲೆ ಬೇಯಿಸಿ, ಮೆತ್ತಗಾದ ಮೇಲೆ ಯಂತ್ರದ ಚೌಕಟ್ಟಿಗೆ ಕಚ್ಚಿಸುತ್ತಾರೆ. ಚೌಕಟ್ಟು ಮರದ ಸಮೇತ ಮೇಲೇರುತ್ತದೆ, ಕೆಳಗಿಳಿಯುತ್ತದೆ. ಒಂದೊಂದು ಸಲ ಇಳಿಯುವಾಗಲೂ ಎದುರಿಗೆ ಅಡ್ಡ ಮಲಗಿರುವ ಮಾರುದ್ದದ ಅಲಗು ಮರದ ಮೈಯಿಂದ ಒಂದು ಹಾಳೆ ಸವರಿ ತೆಗೆಯುತ್ತದೆ. ಅರ್ಧ ಮಿಲಿಮೀಟರು. ಬೆಳಕಿಗೆ ಹಿಡಿದರೆ ಹಿಂದಿನ ಬೆರಳಿನ ನೆರಳು ಕಾಣುತ್ತದೆ. ಹಾಳೆಗಳನ್ನು ಬಂದ ಕ್ರಮದಲ್ಲೇ ಪೇರಿಸಬೇಕು. ಒಂದು ಹಿಂದುಮುಂದಾದರೂ ಗೆರೆಗೆ ಗೆರೆ ಕೂಡುವುದಿಲ್ಲ. ಅಲಗಿನ ಬಾಯಲ್ಲಿ ಕೂದಲೆಳೆಯಷ್ಟು ಮುಕ್ಕಾದರೂ ಆಮೇಲೆ ಬರುವ ಅಷ್ಟೂ ಹಾಳೆಗಳ ಮೇಲೆ ಅದೇ ಜಾಗದಲ್ಲಿ ಗೀರು.

ಆ ಅಲಗನ್ನು ಮಸೆಯುವುದು, ಕೂರಿಸುವುದು, ಅದರ ಮುಂದಿನ ಸಂದನ್ನು ಕಾಗದದ ದಪ್ಪದಷ್ಟು ಹೆಚ್ಚುಕಡಿಮೆ ಮಾಡಿ ಸರಿಗೂಡಿಸುವುದು ಅವನ ಪಾಲಿನ ಕೆಲಸ. ಅಲಗಣ್ಣ ಅನ್ನುವ ಹೆಸರು ಅಂಟಿಕೊಂಡದ್ದು ಹಾಗೆ. ಹುಟ್ಟಿದಾಗ ಇಟ್ಟ ಹೆಸರು ಹಾಜರಿ ಪಟ್ಟಿಯಲ್ಲಿ ಬಿಟ್ಟರೆ ಇನ್ನೆಲ್ಲೂ ಉಳಿದಿಲ್ಲ.

ಸಿಟ್ಟು ಅವನ ಮೂಗಿನ ತುದಿಯಲ್ಲಿ ಇರುವಂಥದ್ದಲ್ಲ. ಅಲ್ಲಿದ್ದಿದ್ದರೆ ಬೇಗ ಬಂದು ಬೇಗ ಹೋಗುತ್ತಿತ್ತು. ಅವನದು ಒಳಗೊಳಗೇ ಕುದಿಯುವ ರೇಜಿಗೆ. ತೊಟ್ಟಿಯವರು ಮರವನ್ನು ಅರೆಬೆಂದದ್ದೇ ಕಳಿಸುತ್ತಾರೆ. ಗರಗಸದವರು ಸೀಳನ್ನು ಸೊಟ್ಟ ಕೊಯ್ಯುತ್ತಾರೆ. ಅವನ ಎದುರು ನಿಂತು ಹಾಳೆ ಎತ್ತಿ ಪೇರಿಸುವ ಹೆಂಗಸು ಒಂದು ಗಳಿಗೆಯೂ ಬಾಯಿ ಮುಚ್ಚುವವಳಲ್ಲ. ಅದಕ್ಕೇ ಅವಳನ್ನು ಎಲ್ಲರೂ ಮೌನಿ ಅಂತ ಕರೆಯುತ್ತಾರೆ. ಮನೆಗೆ ಬಂದರೆ ಹೆಂಡತಿ. ಅವಳು ಶಾಲೆಯ ವ್ಯಾನ್ ಓಡಿಸುತ್ತಾಳೆ. ದಿನವಿಡೀ ಮಕ್ಕಳ ಗಲಾಟೆಯಲ್ಲಿ ಮುಳುಗೆದ್ದು ಬರುವವಳಿಗೆ ಗಂಡನ ಗೊಣಗಾಟ ಯಾವ ಲೆಕ್ಕ. "ಹೂಂ, ಹೇಳಿ, ಕೇಳಿಸಿಕೊಳ್ತಾ ಇದ್ದೀನಿ" ಅನ್ನುತ್ತಲೇ ನಿದ್ದೆ ಹೋಗಿರುತ್ತಾಳೆ.

ಇಷ್ಟು ಸಾಲದು ಅಂತ ಅವನಿಗೊಬ್ಬಳು ಅತ್ತೆ.

ಅಪ್ಪನ ಅಕ್ಕ. ಅಮ್ಮ ತೀರಿಕೊಂಡಾಗ ಅಲಗಣ್ಣನಿಗೆ ಇನ್ನೂ ನೆಟ್ಟಗೆ ನಡೆಯಲು ಬರುತ್ತಿರಲಿಲ್ಲ. ಅಪ್ಪ ಊರೂರು ಸುತ್ತುವ ಲಾರಿಯವನು. ಅತ್ತೆ ತನ್ನ ಮೂವರು ಹೆಣ್ಣುಮಕ್ಕಳ ಜೊತೆ ಇವನನ್ನೂ ಸಾಕಿದಳು. ಆ ಮೂವರೂ ಈಗ ನಗರದ ಮೂರು ಮೂಲೆಗಳಲ್ಲಿ ಸಂಸಾರ ಹೂಡಿದ್ದಾರೆ. ಅತ್ತೆ ಮಾತ್ರ ಹಳೆಯ ಓಣಿಯಲ್ಲೇ ಇದ್ದು, ಬೆಳಿಗ್ಗೆ ಎದ್ದರೆ ಒಬ್ಬರಲ್ಲ ಒಬ್ಬರಿಗೆ ಫೋನ್ ಮಾಡಿ, ಏನು ಅಡುಗೆ ಮಾಡಬೇಕು, ಯಾರ ಜೊತೆ ಮಾತು ಬಿಡಬೇಕು ಅನ್ನುವುದರ ತನಕ ಎಲ್ಲವನ್ನೂ ಅಲ್ಲಿಂದಲೇ ನಡೆಸುತ್ತಾಳೆ.

ಒಂದು ಮಂಗಳವಾರ ಬೆಳಿಗ್ಗೆ ಗೇಟಿನ ಕಾವಲುಗಾರ ಒಳಗೆ ಫೋನ್ ಮಾಡಿದ.

"ಅಲಗಣ್ಣ, ನಿಮ್ಮ ಅತ್ತೆ ಬಂದಿದ್ದಾರೆ."

"ಯಾಕಂತೆ?"

"ಮರ ತಂದಿದ್ದಾರೆ."

"ಏನು ತಂದಿದ್ದಾರೆ?"

"ಮರ. ಲಾರೀಲಿ. ನೀವೇ ಬಂದು ನೋಡಿಬಿಡಿ, ನಾನು ಹೇಳಿದ್ರೆ ನಂಬಲ್ಲ."

ಹೋಗಿ ನೋಡಿದರೆ ಲಾರಿಯ ಮುಂದಿನ ಸೀಟಿನಲ್ಲಿ, ಡ್ರೈವರನ ಪಕ್ಕ, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅತ್ತೆ ಕೂತಿದ್ದಳು. ಹಿಂದೆ ಆಳೆತ್ತರದ ಒಂದು ದಿಮ್ಮಿ. ಸಿಪ್ಪೆ ನೋಡಿದ ಕೂಡಲೇ ಅವನಿಗೆ ಗೊತ್ತಾಯಿತು. ಅತ್ತೆಯ ಮನೆ ಅಂಗಳದ ಹಿಪ್ಪುನೇರಳೆ ಮರ. ಅದರ ಬೇರು ಬೀದಿಯ ಚರಂಡಿ ಕೊಳವೆಯೊಳಗೆ ಸೇರಿಕೊಂಡು, ಸುತ್ತಲಿನ ಮನೆಗಳ ಬಚ್ಚಲು ನೀರೆಲ್ಲ ಹಿಂದಕ್ಕೇ ಬರತೊಡಗಿತ್ತು. ಕಡಿಯಲೇಬೇಕು ಅಂತ ಓಣಿಯವರೆಲ್ಲ ತಿಂಗಳುಗಟ್ಟಲೆ ಜಗಳ ಆಡಿದ್ದರು. ಕಡಿದದ್ದು ಅವನಿಗೆ ಗೊತ್ತಿತ್ತು. ಅದು ತನ್ನನ್ನೇ ಹುಡುಕಿಕೊಂಡು ಬರುತ್ತದೆ ಅಂತ ಗೊತ್ತಿರಲಿಲ್ಲ.

"ಅತ್ತೆ, ಇದನ್ನ ಇಲ್ಲಿಗೆ ಯಾಕೆ ತಂದೆ?"

"ಮತ್ತೆಲ್ಲಿಗೆ ತಗೊಂಡು ಹೋಗ್ಲಿ, ಆಸ್ಪತ್ರೆಗಾ? ಇಳಿಸೋಕೆ ಜನ ಕರಿ. ಈ ಡ್ರೈವರಪ್ಪನಿಗೆ ಬೇರೆ ಕೆಲಸ ಇದೆ."

ಅವಳ ಯೋಚನೆ ಸರಳವಾಗಿತ್ತು. ಮೂವರು ಹೆಣ್ಣುಮಕ್ಕಳೂ ಆ ಮರದ ನೆರಳಲ್ಲೇ ಆಡಿ ಬೆಳೆದವರು, ಮೂವರಿಗೂ ಅದರ ನೆನಪಿಗೆ ಏನಾದರೂ ಬೇಕು. ಬಡಗಿಯನ್ನು ಕರೆಸಿ ತೋರಿಸಿದ್ದಳು. ಇದರಲ್ಲಿ ಒಂದು ಸಣ್ಣ ಮೇಜಿಗಾಗುವಷ್ಟು ಹಲಗೆ ಸಿಕ್ಕಿದರೆ ಹೆಚ್ಚು ಅಂದಿದ್ದ ಅವನು. "ಒಬ್ಬಳಿಗೆ ಮೇಜು ಕೊಟ್ರೆ ಇನ್ನಿಬ್ಬರು ನನ್ನ ಮುಖ ನೋಡ್ತಾರೇನೋ? ನೀನು ತೆಳ್ಳಗೆ ತೆಗೀತೀಯಲ್ಲ, ಒಂದೇ ಮರ ಇಡೀ ಬಳಗಕ್ಕೆ ಬರುತ್ತೆ. ನಿನಗೂ ಒಂದಷ್ಟು ಇಟ್ಕೋ."

ಅಲಗಣ್ಣ ತಾಳ್ಮೆ ತಂದುಕೊಂಡು ವಿವರಿಸಿದ. ಕಾರ್ಖಾನೆಗೆ ಬರುವುದು ಕಾಡಿನ ಮರ, ತೋಪಿನ ಮರ. ಮನೆಯಂಗಳದ ಮರವನ್ನು ಇಂಥ ಕಾರ್ಖಾನೆಯವರು ಯಾರೂ ಮುಟ್ಟುವುದಿಲ್ಲ. ಮನೆಯ ಮರ ಅಂದರೆ ಅದರ ಹೊಟ್ಟೆಯಲ್ಲಿ ಕಬ್ಬಿಣ ಇದ್ದೇ ಇರುತ್ತದೆ. ಯಾವತ್ತೋ ಯಾರೋ ಬಟ್ಟೆ ಒಣಹಾಕಲು ಮೊಳೆ ಹೊಡೆದಿರುತ್ತಾರೆ, ಮರ ಬೆಳೆಯುತ್ತಾ ಬೆಳೆಯುತ್ತಾ ಅದನ್ನು ನುಂಗಿಕೊಂಡಿರುತ್ತದೆ. ಹೊರಗೆ ನೋಡಿದರೆ ಏನೂ ಕಾಣುವುದಿಲ್ಲ. ಅಲಗು ಹೋಗಿ ತಗುಲಿದಾಗಲೇ ತಿಳಿಯುವುದು.

"ನನ್ನ ಮರದಲ್ಲಿ ಒಂದು ಮೊಳೆ ಇಲ್ಲ" ಅಂದಳು ಅತ್ತೆ. "ಯಾರಿಗೂ ಹೊಡೆಯೋಕೆ ಬಿಟ್ಟಿಲ್ಲ. ಬೇಕಾದ್ರೆ ಆಣೆ ಮಾಡ್ತೀನಿ."

ಅಷ್ಟರಲ್ಲಿ ಮ್ಯಾನೇಜರು ಬಂದರು. ಮ್ಯಾನೇಜರು ಒಳ್ಳೆಯ ಮನುಷ್ಯ. ತೊಂದರೆ ಇದ್ದದ್ದೇ ಅಲ್ಲಿ. ವಯಸ್ಸಾದ ಹೆಂಗಸರು ಏನು ಕೇಳಿದರೂ ಅವರಿಗೆ ಇಲ್ಲ ಅನ್ನಲು ನಾಲಿಗೆ ಏಳುವುದಿಲ್ಲ. ಅತ್ತೆ ಅವರ ಊಟ, ತಿಂಡಿ, ಮಂಡಿನೋವು ಎಲ್ಲ ವಿಚಾರಿಸಿಕೊಂಡು, ನೋವಿಗೆ ಯಾವ ಎಣ್ಣೆ ಹಚ್ಚಬೇಕು ಅಂತ ಹೇಳಿ, ಆಮೇಲೆ ಮರದ ವಿಷಯ ಎತ್ತಿದಳು. ಮ್ಯಾನೇಜರು ಅಲಗಣ್ಣನ ಭುಜದ ಮೇಲೆ ಕೈಯಿಟ್ಟರು.

"ಶನಿವಾರ ಚಿಕ್ಕ ಯಂತ್ರ ಖಾಲಿ ಇರುತ್ತಲ್ಲ ಅಲಗಣ್ಣ, ಅದರಲ್ಲಿ ತೆಗೆದುಕೊಟ್ಟುಬಿಡಿ. ಪಾಪ, ಅಷ್ಟು ದೂರದಿಂದ ಬಂದಿದ್ದಾರೆ."

"ಸರ್, ಸೋಮವಾರ ಅದೇ ಯಂತ್ರದಲ್ಲಿ ವಾದ್ಯ ಮಾಡೋರ ಕೆಲಸ ಶುರುವಾಗಬೇಕು. ಅದರ ಇನ್ನೊಂದು ಅಲಗು ನೇರ ಮಾಡಿಸೋಕೆ ಹೋಗಿದೆ, ವಾಪಸ್ ಬಂದಿಲ್ಲ. ಇರೋದು ಒಂದೇ."

"ಏನೂ ಆಗಲ್ಲ ಬಿಡಿ. ಅವರೇ ಆಣೆ ಮಾಡ್ತಿದ್ದಾರಲ್ಲ."

ಲೋಹ ಹುಡುಕುವ ಕೋಲನ್ನು ತಂದು ಅಲಗಣ್ಣ ದಿಮ್ಮಿಯ ಮೇಲೆ ಆಡಿಸಿದ. ಎರಡಡಿ ಹೋಗುವಷ್ಟರಲ್ಲೇ ಅದು ಕುಂಯ್ಗುಟ್ಟಿತು. ಉಳಿ ಹಿಡಿದು ಕೆತ್ತಿದಾಗ ಸಿಕ್ಕಿದ್ದು, ಸುತ್ತಲ ಮರವನ್ನೆಲ್ಲ ಕಪ್ಪಗೆ ಮಾಡಿ ಕೂತಿದ್ದ, ಕಿರುಬೆರಳಿನಷ್ಟು ದಪ್ಪದ ಕಬ್ಬಿಣದ ಕೊಕ್ಕೆ.

"ಇದೇನು?"

ಅತ್ತೆ ಕನ್ನಡಕ ಏರಿಸಿಕೊಂಡು ನೋಡಿದಳು. "ಅದು ಮೊಳೆ ಅಲ್ಲ, ಕೊಕ್ಕೆ. ನಿಮಗೆಲ್ಲ ಉಯ್ಯಾಲೆ ಹಾಕಿದ್ದಲ್ವಾ, ಅದರದ್ದು."

"ಏನೂ ಇಲ್ಲ ಅಂದೆಯಲ್ಲ ಅತ್ತೆ."

"ಮೊಳೆ ಇಲ್ಲ ಅಂದೆ. ನೀನು ಕೊಕ್ಕೆ ಕೇಳಿದ್ಯಾ?"

ಮೌನಿ ಬಾಯಿಗೆ ಸೆರಗು ಒತ್ತಿಕೊಂಡು ಆ ಕಡೆ ತಿರುಗಿದಳು. ಅಲಗಣ್ಣ ಕೋಲನ್ನು ಮುಂದಕ್ಕೆ ಆಡಿಸಿದ. ಬೇಲಿಯ ತಂತಿಯ ತುಂಡೊಂದು ಸಿಕ್ಕಿತು. ಅದೂ ಮೊಳೆಯಲ್ಲ. ಕೊನೆಗೆ ಒಂದು ಮೊಳೆಯೂ ಸಿಕ್ಕಿತು. ಅತ್ತೆ ಅದನ್ನು ಕೈಯಲ್ಲಿ ಹಿಡಿದು ಹಿಂದುಮುಂದು ನೋಡಿ, "ಇದು ಪಕ್ಕದ ಮನೆಯವನದ್ದು, ನೋಡು, ನನಗೆ ಗೊತ್ತಿಲ್ಲದ ಹಾಗೆ ಹೊಡೆದಿದ್ದಾನೆ" ಅಂತ ಕೈಚೀಲಕ್ಕೆ ಹಾಕಿಕೊಂಡಳು. ಆ ಮೊಳೆ ಹಿಡಿದುಕೊಂಡು ಪಕ್ಕದ ಮನೆಗೆ ಹೋಗಿ ಅವಳು ಜಗಳ ತೆಗೆದ ಸುದ್ದಿ ಅದೇ ಸಂಜೆ ಫೋನಿನಲ್ಲಿ ಬಂತು.

ಮರ ಎರಡು ಸೀಳಾಗಿ ತೊಟ್ಟಿಗೆ ಇಳಿಯಿತು. ಅದು ಅಲ್ಲಿ ಬೇಯತೊಡಗಿದರೆ ಇತ್ತ ಅಲಗಣ್ಣ ಬೇಯತೊಡಗಿದ. ಅತ್ತೆಯ ಹಿರಿಯ ಮಗಳು ಫೋನ್ ಮಾಡಿ, ತನಗೆ ನಡುವಿನ ಹಳದಿ ಭಾಗದ ಹಾಳೆಗಳೇ ಬೇಕು, ಅಂಚಿನ ಬಿಳುಪು ಬೇಡ ಅಂದಳು. ನಡುವಿನವಳು, ಅಕ್ಕ ಫೋನ್ ಮಾಡಿದ್ದಳಾ ಅಂತ ಕೇಳಿ, ಹೌದು ಅಂದದ್ದಕ್ಕೆ, ಅವಳು ಎಷ್ಟು ಕೇಳಿದ್ದಾಳೋ ಅಷ್ಟು ತನಗೂ ಇರಲಿ ಅಂದಳು. ಕಿರಿಯವಳು ಏನೂ ಕೇಳಲಿಲ್ಲ. ತನಗೆ ಏನೂ ಬೇಡ, ಯಾವತ್ತೂ ತನಗೆ ಉಳಿದದ್ದೇ ತಾನೇ ಸಿಕ್ಕಿರುವುದು ಅಂತ ಅರ್ಧ ಗಂಟೆ ಹೇಳಿದಳು. ಒಂದೇ ಸೀಳಿನಿಂದ ಬರುವ ಹಾಳೆಗಳು ಅಕ್ಕತಂಗಿಯರ ಹಾಗೆ, ಒಂದಕ್ಕೂ ಇನ್ನೊಂದಕ್ಕೂ ಏನೂ ವ್ಯತ್ಯಾಸ ಇರುವುದಿಲ್ಲ ಅಂತ ಅಲಗಣ್ಣ ಹೇಳಿದ. ಆ ಹೋಲಿಕೆ ಯಾರಿಗೂ ಹಿಡಿಸಲಿಲ್ಲ.

"ಇವರಿಗೆಲ್ಲ ಒಂದೊಂದು ಬಾಗಿಲು ಕೊಂಡುಕೊಟ್ಟು ಕೈ ಮುಗಿದುಬಿಡ್ತೀನಿ" ಅಂದ ಹೆಂಡತಿಯ ಹತ್ತಿರ.

"ಕೊಡಿ. ಆಮೇಲೆ ಬಾಗಿಲಿನ ಚಿಲಕಕ್ಕೆ ಜಗಳ ಶುರುವಾಗುತ್ತೆ" ಅಂದಳು ಅವಳು, ವ್ಯಾನಿನ ಕೀಲಿ ಹುಡುಕುತ್ತಾ.

ಶನಿವಾರ ಅತ್ತೆ ಹೇಳದೆ ಕೇಳದೆ ಬಂದು ಯಂತ್ರದ ಮುಂದೆ ಕೂತಳು. ಮ್ಯಾನೇಜರು ಅವಳಿಗೆ ತಮ್ಮ ಕೋಣೆಯ ಕುರ್ಚಿಯನ್ನೇ ತರಿಸಿ ಹಾಕಿಸಿದ್ದರು. ಅಲಗಣ್ಣನಿಗೆ ಇಡೀ ಕೆಲಸದ ಜೀವನದಲ್ಲಿ ಆ ಕೋಣೆಯಲ್ಲಿ ಕೂರು ಅಂತ ಯಾರೂ ಅಂದಿರಲಿಲ್ಲ.

ಮೊದಲನೆಯ ಸೀಳು ಚೌಕಟ್ಟಿಗೇರಿತು. ಬೆಂದ ಮರದ ಹುಳಿಮಿಶ್ರಿತ ವಾಸನೆ, ಆವಿ. ಅಲಗಣ್ಣ ಸಂದು ನೋಡಿದ, ಬೆರಳಾಡಿಸಿದ, ಗುಂಡಿ ಒತ್ತಿದ. ಮೊದಮೊದಲು ಅಂಚಿನ ಬಿಳಿ ಚೂರುಗಳು ಬಂದವು. ಆಮೇಲೆ ಹಾಳೆ ಬಂತು.

ಅದನ್ನು ನೋಡಿ ಅವನ ಗೊಣಗಾಟ ಬಾಯಲ್ಲೇ ನಿಂತಿತು. ಇಷ್ಟು ವರ್ಷ ತೇಗ, ಓಕ್ ಅಂತ ಲೆಕ್ಕವಿಲ್ಲದಷ್ಟು ಮರ ಅವನ ಅಲಗಿನ ಕೆಳಗೆ ಹೋಗಿದೆ. ಇಂಥ ಹಳದಿಯನ್ನು ಅವನು ಕಂಡಿರಲಿಲ್ಲ. ಕಾಯಿಸಿದ ಬೆಣ್ಣೆಯ ಬಣ್ಣ. ಅದರ ನಡುವೆ ನೀರಿನಲ್ಲಿ ಯಾರೋ ಬೆರಳಾಡಿಸಿದ ಹಾಗೆ ಕಂದು ಗೆರೆಗಳು. ಒಂದರ ಹಿಂದೊಂದು, ಒದ್ದೆಯಾಗಿ, ಬಳುಕುತ್ತಾ, ಸದ್ದೇ ಇಲ್ಲದೆ ಜಾರಿ ಬಂದವು. ಮೌನಿ ಎತ್ತಿ ಎತ್ತಿ ಪೇರಿಸಿದಳು.

"ಚೆನ್ನಾಗಿದೆ ಅಲ್ವೇನೋ" ಅಂದಳು ಅತ್ತೆ.

"ಹೂಂ" ಅಂದ ಅಲಗಣ್ಣ. ಅವನ ಮಟ್ಟಿಗೆ ಅದು ದೊಡ್ಡ ಹೊಗಳಿಕೆ.

ಮೊದಲನೆಯ ಸೀಳು ಮುಗಿದು ಎರಡನೆಯದನ್ನು ಏರಿಸಿದರು. ಅದರಲ್ಲೂ ಅರ್ಧದಷ್ಟು ಹಾಳೆಗಳು ಸಲೀಸಾಗಿ ಬಂದವು. ಅಷ್ಟರಲ್ಲಿ ಚೌಕಟ್ಟು ಇಳಿಯುವಾಗ ಒಂದು ಸದ್ದು ಬಂತು. ದೊಡ್ಡದೇನಲ್ಲ, ಹಲ್ಲಿಗೆ ಕಲ್ಲು ಸಿಕ್ಕಿದ ಹಾಗೆ. ಅಲಗಣ್ಣ ಯಂತ್ರ ನಿಲ್ಲಿಸುವಷ್ಟರಲ್ಲಿ ಚೌಕಟ್ಟು ಇನ್ನೂ ಎರಡು ಸಲ ಇಳಿದಿತ್ತು.

ಮರದ ಒಂದು ಪಕ್ಕದಲ್ಲಿ, ಹಳದಿಯ ನಡುವೆ, ಬೂದು ಬಣ್ಣದ ಮಚ್ಚೆಯೊಂದು ಕಾಣುತ್ತಿತ್ತು. ಉಗುರಿನಿಂದ ಕೆರೆದ. ಸಿಮೆಂಟು. ಅದರೊಳಗೆ ಜಲ್ಲಿ. ಲೋಹ ಹುಡುಕುವ ಕೋಲಿಗೆ ಕಲ್ಲು ಹೇಗೆ ಗೊತ್ತಾಗಬೇಕು?

ಅವನು ಅತ್ತೆಯ ಕಡೆ ತಿರುಗಿದ. ಅತ್ತೆ ಕುರ್ಚಿಯ ತುದಿಗೆ ಸರಿದಿದ್ದಳು.

"ಒಂದು ಸಲ ಗಾಳಿಗೆ ಕೊಂಬೆ ಮುರಿದು ಅಲ್ಲಿ ಪೊಟರೆ ಬಿದ್ದಿತ್ತು" ಅಂದಳು. "ನೀರು ನಿಂತು ಕೊಳೀತಾ ಇತ್ತು. ನಿಮ್ಮ ಮಾವ ಸಿಮೆಂಟು ತುಂಬಿದ್ರು. ಆಮೇಲೆ ಸಿಪ್ಪೆ ಬೆಳೆದು ಮುಚ್ಚಿಕೊಳ್ತು. ನೀನು ಕಬ್ಬಿಣ ಅಂತ ಕೇಳ್ತಿದ್ದೆ. ಸಿಮೆಂಟು ಕಬ್ಬಿಣ ಅಲ್ವಲ್ಲ."

ಅಲಗಿನ ಬಾಯಿಯಲ್ಲಿ ಇಲಿ ಕಚ್ಚಿದ ಹಾಗೆ ಮೂರು ಮುಕ್ಕು. ಒಂದರೊಳಗೆ ಅವನ ಉಗುರಿನ ತುದಿ ಇಳಿಯಿತು. ಅಷ್ಟು ಆಳದ ಮುಕ್ಕು ಹೋಗಬೇಕಾದರೆ ಇಡೀ ಅಲಗನ್ನು, ಈ ತುದಿಯಿಂದ ಆ ತುದಿಗೆ, ಅಷ್ಟೇ ಆಳಕ್ಕೆ ಮಸೆಯಬೇಕು. ಮ್ಯಾನೇಜರು ಬಂದು ನೋಡಿ ಚ್ಚು ಚ್ಚು ಅಂದರು. "ನೀವು ಸ್ವಲ್ಪ ಸರಿಯಾಗಿ ಪರೀಕ್ಷೆ ಮಾಡಬೇಕಿತ್ತು ಅಲಗಣ್ಣ. ಸೋಮವಾರಕ್ಕೆ ಹೇಗಾದರೂ ಮಾಡಿ" ಅಂತ ಹೇಳಿ ತಮ್ಮ ಕೋಣೆಗೆ ಹೋದರು. ಅಲ್ಲಿ ಕುರ್ಚಿ ಇರಲಿಲ್ಲ ಅಂತ ಮತ್ತೆ ಬಂದರು.

ಅತ್ತೆ ಎದ್ದು ಬಂದು ಅಲಗಣ್ಣನ ತೋಳು ಮುಟ್ಟಿದಳು. "ಇರಲಿ ಬಿಡೋ. ಇಷ್ಟು ಬಂದಿದೆಯಲ್ಲ, ಸಾಕು."

ಆಗ ಅವನ ಬಾಯಿಂದ ಆ ಮಾತು ಹೊರಬಿತ್ತು. ಕೂಗಲಿಲ್ಲ, ಮೆಲ್ಲಗೇ ಅಂದ. "ನಮ್ಮಮ್ಮ ಇದ್ದಿದ್ರೆ ನನಗೆ ಹೀಗೆ ಮಾಡ್ತಿರಲಿಲ್ಲ."

ಅತ್ತೆ ಕೈ ಹಿಂದಕ್ಕೆ ತೆಗೆದುಕೊಂಡಳು. ಕೈಚೀಲ ಎತ್ತಿಕೊಂಡು, ಮೌನಿಗೆ ಹೋಗಿಬರುತ್ತೇನೆ ಅಂತ ಹೇಳಿ, ಗೇಟು ದಾಟಿ ಬಸ್ಸಿನ ಕಡೆಗೆ ನಡೆದಳು. ಬಾಯಿ ಮುಚ್ಚದ ಮೌನಿ ಇಡೀ ಮಧ್ಯಾಹ್ನ ಒಂದು ಮಾತಾಡಲಿಲ್ಲ. ಅಲಗಣ್ಣನಿಗೆ ಅದು ಬೈಗುಳಕ್ಕಿಂತ ಕೆಟ್ಟದಾಗಿ ಕೇಳಿಸಿತು.

ಭಾನುವಾರ ಬೆಳಿಗ್ಗೆಯೇ ಬಂದು ಅವನು ಮಸೆಯುವ ಕೋಣೆಯ ಬಾಗಿಲು ತೆರೆದ. ಮಸೆಯುವ ಯಂತ್ರಕ್ಕೆ ಅವಸರ ಅಂದರೆ ಆಗದು. ಕಲ್ಲಿನ ಚಕ್ರ ಅಲಗಿನುದ್ದಕ್ಕೂ ಹೋಗಿ ಬರುತ್ತದೆ, ಮೇಲಿಂದ ನೀರು ಸುರಿಯುತ್ತಿರುತ್ತದೆ. ಸ್ವಲ್ಪ ಹೆಚ್ಚು ಒತ್ತಿದರೂ ಉಕ್ಕು ಕಾದು ನೀಲಿಯಾಗಿ ಹದ ಕೆಡುತ್ತದೆ. ಪ್ರತಿ ಸುತ್ತಿಗೂ ಇಷ್ಟೇ ಇಷ್ಟು ಉಕ್ಕು ಸವೆಯಬೇಕು. ಅವನು ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದ. ಮಾಡಲು ಬೇರೇನೂ ಇಲ್ಲದ್ದರಿಂದ ತಾನಾಡಿದ ಮಾತು ಪದೇಪದೇ ನೆನಪಾಗುತ್ತಿತ್ತು. ಅಮ್ಮನ ಮುಖವೇ ಅವನಿಗೆ ನೆನಪಿಲ್ಲ. ಅವಳಿದ್ದಿದ್ದರೆ ಏನು ಮಾಡುತ್ತಿದ್ದಳು, ಏನು ಮಾಡುತ್ತಿರಲಿಲ್ಲ ಅನ್ನುವುದು ಅವನಿಗೆ ಹೇಗೆ ಗೊತ್ತಿರಬೇಕು? ಸಿಟ್ಟಿಗೆ ಕೈಗೆ ಸಿಕ್ಕಿದ್ದನ್ನು ಎಸೆದ ಹಾಗೆ ಎಸೆದುಬಿಟ್ಟಿದ್ದ. ಅದಕ್ಕೂ ಅವನಿಗೆ ಅತ್ತೆಯ ಮೇಲೆಯೇ ಸಿಟ್ಟು ಬಂತು. ಅವಳು ಆ ಮರ ತರದಿದ್ದರೆ ಈ ಮಾತು ಬರುತ್ತಲೇ ಇರಲಿಲ್ಲವಲ್ಲ.

ಹೊತ್ತೇರುವಾಗ ಹೊರಗೆ ಶಾಲೆಯ ವ್ಯಾನಿನ ಹಾರನ್ನು ಕೇಳಿಸಿತು. ಹೆಂಡತಿ ಇಳಿದಳು. ಹಿಂದಿನ ಬಾಗಿಲಿನಿಂದ, ಪುಟ್ಟ ಮಕ್ಕಳಿಗೆ ಅಂತ ಮಾಡಿದ ಮೆಟ್ಟಿಲ ಮೇಲೆ ಒಂದೊಂದೇ ಹೆಜ್ಜೆ ಇಡುತ್ತಾ ಅತ್ತೆ ಇಳಿದಳು. ಕೈಯಲ್ಲಿ ಊಟದ ಡಬ್ಬಿ.

"ನಾನು ಕರೆಯಲಿಲ್ಲ" ಅಂದಳು ಹೆಂಡತಿ ಗಂಡನ ಮುಖ ನೋಡಿ. "ಅವರೇ ಫೋನ್ ಮಾಡಿ, ನಿನ್ನ ಗಂಡ ಊಟ ಮಾಡಿದನಾ ಅಂದ್ರು. ಇಲ್ಲ ಅಂದೆ. ಬಾ, ಕರ್ಕೊಂಡು ಹೋಗು ಅಂದ್ರು. ಶನಿವಾರ ಮರಕ್ಕೆ, ಭಾನುವಾರ ಅಲಗಿಗೆ. ನನಗೆ ಯಾವ ವಾರ ಕೊಡ್ತೀರ ಅಂತ ಯೋಚನೆ ಮಾಡಿ ಹೇಳಿ." ಅಷ್ಟು ಹೇಳಿ ವ್ಯಾನು ತೊಳೆಯಲು ನಲ್ಲಿ ಎಲ್ಲಿದೆ ಅಂತ ಹುಡುಕಿಕೊಂಡು ಹೋದಳು.

ಅತ್ತೆ ಇನ್ನೊಂದು ಸ್ಟೂಲು ಎಳೆದುಕೊಂಡು ಕೂತಳು. ಚಕ್ರ ಆ ತುದಿಗೆ ಹೋಯಿತು, ಈ ತುದಿಗೆ ಬಂತು.

"ಸಿಮೆಂಟಿನ ವಿಷಯ ಮೊದಲೇ ಹೇಳಿದ್ರೆ ನೀನು ಕತ್ತರಿಸ್ತಿದ್ಯಾ?" ಅಂತ ಕೇಳಿದಳು.

"ಇಲ್ಲ."

"ಅದಕ್ಕೇ ಹೇಳಲಿಲ್ಲ."

ಅಲಗಣ್ಣ ಕಣ್ಣು ಮುಚ್ಚಿಕೊಂಡ. ಮಾತಿನಲ್ಲಿ ತಪ್ಪು ಹುಡುಕಲೂ ಬರುವ ಹಾಗಿಲ್ಲ.

"ಅತ್ತೆ, ನಿನ್ನೆ ನಾನು..."

"ನಿಮ್ಮಮ್ಮ ಇದ್ದಿದ್ರೆ" ಅಂದಳು ಅತ್ತೆ ಅವನ ಮಾತು ಕತ್ತರಿಸಿ, "ಲಾರಿ ಅವಳೇ ಓಡಿಸ್ಕೊಂಡು ಬರ್ತಿದ್ಲು. ನಾನಾದ್ರೂ ಗೇಟಿನ ಹತ್ತಿರ ನಿಂತೆ. ಅವಳು ಒಳಗೇ ತಂದು ನಿಲ್ಲಿಸ್ತಿದ್ಲು. ನಿನಗೇನು ಗೊತ್ತು ಅವಳ ವಿಷಯ. ನಿಮ್ಮಪ್ಪನಿಗೆ ಗೇರು ಹಾಕೋದು ಹೇಳಿಕೊಟ್ಟಿದ್ದೇ ಅವಳು."

ಇದನ್ನು ಅವನಿಗೆ ಇಲ್ಲಿಯ ತನಕ ಯಾರೂ ಹೇಳಿರಲಿಲ್ಲ. ಅಪ್ಪ ಅಮ್ಮನ ವಿಷಯ ಎತ್ತುತ್ತಲೇ ಇರಲಿಲ್ಲ. ಅತ್ತೆ ಹೇಳುತ್ತಾ ಹೋದಳು. ಅಮ್ಮನ ಹಟ, ಅಮ್ಮನ ನಗು, ಒಂದು ಸಲ ಅಮ್ಮ ಯಾರದೋ ಗಾಡಿಯನ್ನು ಹಿಂದಕ್ಕೆ ತೆಗೆಯಲು ಹೋಗಿ ಗೋಡೆಗೆ ಗುದ್ದಿ ಏನೂ ಆಗಿಲ್ಲದವಳ ಹಾಗೆ ಇಳಿದು ಬಂದದ್ದು. ಅಲಗಣ್ಣ ಊಟದ ಡಬ್ಬಿ ಬಿಚ್ಚಿ ತಿನ್ನುತ್ತಾ ಕೇಳಿದ. ಎರಡು ಸಲ ನಕ್ಕ. ಚಕ್ರ ನಿಂತಾಗ ಎದ್ದು, ಎಣ್ಣೆ ಹಚ್ಚಿದ ಸಾಣೆಕಲ್ಲನ್ನು ಅಲಗಿನ ಬಾಯ ಮೇಲೆ ಕೈಯಿಂದಲೇ ಉದ್ದಕ್ಕೆ ಎಳೆಯತೊಡಗಿದ. ಬೆಳಕು ಸಾಲದೆಂದು ಅತ್ತೆ ದೀಪವನ್ನು ಅವನ ಜೊತೆಯಲ್ಲೇ ಮುಂದಕ್ಕೆ ಸರಿಸುತ್ತಾ ಬಂದಳು. ಅದನ್ನೂ ಸರಿಯಾಗಿ ಹಿಡಿಯಲಿಲ್ಲ, ಬೆಳಕೆಲ್ಲ ಅವನ ಕಣ್ಣಿಗೇ ಬೀಳುತ್ತಿತ್ತು. ಅವನು ಕಣ್ಣು ಕಿರಿದು ಮಾಡಿಕೊಂಡು ಸಾಣೆಕಲ್ಲು ಎಳೆಯುತ್ತಲೇ ಇದ್ದ.

ಸೋಮವಾರ ವಾದ್ಯದವರ ಕೆಲಸ ಶುರುವಾಯಿತು. ಹಾಳೆಯ ಮೇಲೆ ಒಂದು ಗೀರೂ ಇರಲಿಲ್ಲ. ಮ್ಯಾನೇಜರು, "ನಾನು ಹೇಳಿರಲಿಲ್ವಾ, ಏನೂ ಆಗಲ್ಲ ಅಂತ" ಅಂದರು.

ಇಲ್ಲಿಗೆ ಮುಗಿಯಿತು ಅಂದುಕೊಂಡದ್ದು ಅಲಗಣ್ಣನ ತಪ್ಪು. ಹಾಳೆಗಳು ಒಣಗಿ, ಮೂರು ಕಟ್ಟಾಗಿ, ಮೂವರು ಹೆಣ್ಣುಮಕ್ಕಳ ಮನೆ ಸೇರಿದವು. ಗೀರು ಬಿದ್ದ ಕೊನೆಯ ಎರಡು ಹಾಳೆಗಳನ್ನು ಅತ್ತೆ ತಾನಿಟ್ಟುಕೊಂಡಳು. ಮಾರನೆಯ ದಿನವೇ ಹಿರಿಯವಳ ಫೋನು.

"ಇದೇನೋ ಇಷ್ಟು ತೆಳ್ಳಗಿದೆ?"

"ತೆಳ್ಳಗೆ ಬೇಕು ಅಂತ ತಾನೇ ತೆಗೆದದ್ದು."

"ಮರ ಅಂದ್ರೆ ಮರದ ಥರ ಇರುತ್ತೆ ಅಂದ್ಕೊಂಡಿದ್ದೆ. ಇದನ್ನ ಏನು ಮಾಡೋದು, ಓದೋದಾ?"

ನಡುವಿನವಳು ತನ್ನ ಕಟ್ಟನ್ನು ಚಾಪೆಯ ಹಾಗೆ ಸುತ್ತಿ ಬೀರುವಿನ ಹಿಂದೆ ನಿಲ್ಲಿಸಿದ್ದಳು. ಹೊರಗಿನ ನಾಲ್ಕು ಹಾಳೆ ಸೀಳಿಹೋಗಿದ್ದವು. ಅದನ್ನೂ ಅವನಿಗೇ ಹೇಳಿದಳು, ಸೀಳಿದ್ದು ಅವನೇ ಅನ್ನುವ ಹಾಗೆ. ಕಿರಿಯವಳ ಮನೆಯಲ್ಲಿ ಹಾಳೆಗಳನ್ನು ಅಡುಗೆಮನೆಯ ಡ್ರಾಯರುಗಳಲ್ಲಿ ಚಮಚಗಳ ಕೆಳಗೆ ಹಾಸಿದ್ದರು.

ಅದನ್ನು ಕೇಳಿದ ದಿನ ಅಲಗಣ್ಣ ಅಂಗಡಿಗೆ ಹೋಗಿ ಅಂಟಿನ ಡಬ್ಬ, ಸಪಾಟಾದ ಹಲಗೆಗಳು, ಉಜ್ಜುವ ಕಾಗದ ತಂದ. ಹೆಂಡತಿ ವ್ಯಾನಿನ ಹಿಂದಿನ ಸೀಟು ಬಿಚ್ಚಿ ಜಾಗ ಮಾಡಿಕೊಟ್ಟಳು. ಅಂದಿನಿಂದ ಅವನ ಭಾನುವಾರಗಳೆಲ್ಲ ಆ ಮೂವರ ಮನೆಗಳಿಗೇ ಹೋದವು. ಹಿರಿಯವಳ ಕಪಾಟಿನ ಬಾಗಿಲಿಗೆ ಎರಡೆರಡು ಹಾಳೆಗಳನ್ನು ಪುಸ್ತಕ ಬಿಚ್ಚಿಟ್ಟ ಹಾಗೆ ಜೋಡಿಸಿ ಅಂಟಿಸಿದ. ನಡುವಿನವಳಿಗೆ ಊಟದ ಮೇಜಿನ ಮೇಲ್ಭಾಗ. ಕಿರಿಯವಳಿಗೆ ಎರಡೂ ಬೇಕಾಯಿತು. ಹೋದ ಕಡೆಯಲ್ಲೆಲ್ಲ ಮಧ್ಯಾಹ್ನದ ಊಟಕ್ಕೆ ಮುಂಚೆ ಅವನ ಕೈಗೆ ಈರುಳ್ಳಿ, ಚಾಕು ಬರುತ್ತಿದ್ದವು. ಮಕ್ಕಳು ಅಂಟಿನ ಡಬ್ಬಕ್ಕೆ ಕೈ ಅದ್ದುತ್ತಿದ್ದರು. ಮನೆಯವರು ಎರಡೆರಡು ಸಲ, ಬಣ್ಣ ಸ್ವಲ್ಪ ಹೆಚ್ಚು ಹಳದಿ ಆಯಿತಲ್ಲ ಅನ್ನುತ್ತಿದ್ದರು. ವ್ಯಾನಿನಲ್ಲಿ ವಾಪಸು ಬರುತ್ತಾ ಅಲಗಣ್ಣ ಒಬ್ಬೊಬ್ಬರ ಮೇಲೂ ಮನಸಾರೆ ಗೊಣಗುತ್ತಿದ್ದ.

"ಇವರ ಮನೆಗಳಿಗೆಲ್ಲ ನಾವು ಹೋಗಿ ಎಷ್ಟು ವರ್ಷ ಆಗಿತ್ತು ಹೇಳಿ" ಅಂದಳು ಹೆಂಡತಿ ಒಂದು ಸಂಜೆ. "ಅತ್ತೆ ಬೇಕಂತಲೇ ಮಾಡಿದ್ದಾರೇನೋ."

"ಅಷ್ಟೆಲ್ಲ ಯೋಚನೆ ಅವಳ ತಲೆಗೆ ಬರಲ್ಲ. ಅವಳಿಗೆ ಬೇಕಾಗಿದ್ದು ನನ್ನ ಭಾನುವಾರ ಹಾಳು ಮಾಡೋದು, ಅಷ್ಟೇ."

ಕೊನೆಗೆ ಉಳಿದದ್ದು ಅತ್ತೆಯ ಎರಡು ಹಾಳೆ. ಅವನ್ನು ಬಚ್ಚಲುಮನೆಯ ಬಾಗಿಲಿನ ಒಳಮೈಗೆ ಅಂಟಿಸು ಅಂದಳು.

"ಅಲ್ಲಿ ನೀರಿನ ಆವಿ ಅತ್ತೆ. ಎದ್ದುಬಿಡುತ್ತೆ. ನಡುಮನೆ ಬಾಗಿಲಿಗೆ ಹಾಕ್ತೀನಿ."

"ನಡುಮನೆ ಬಾಗಿಲು ನಾನು ಎಷ್ಟು ಹೊತ್ತು ನೋಡ್ತೀನಿ? ಬಚ್ಚಲಿಗೆ ಹೋದ್ರೆ ಬಾಗಿಲು ಹಾಕ್ಕೊಂಡು ನೆಮ್ಮದಿಯಾಗಿ ಕೂತು ನೋಡಬಹುದು. ಅಂಟಿಸು."

"ಎದ್ದು ಬರುತ್ತೆ ಅಂತ ಹೇಳ್ತಾ ಇದ್ದೀನಿ."

"ಬಂದ್ರೆ ಮತ್ತೆ ಅಂಟಿಸು."

ಅವನು ಅಂಟಿಸಿದ. ತಿಂಗಳೊಪ್ಪತ್ತಿನಲ್ಲಿ ಕೆಳಗಿನ ಮೂಲೆ ಎದ್ದುಬಂತು. ಅತ್ತೆ ಫೋನ್ ಮಾಡಿದಳು. ಅವನು ಹೋದ, ಹೇಳಿರಲಿಲ್ಲವಾ ಅಂದ, ಮೂಲೆಗೆ ಅಂಟು ಹಚ್ಚಿ ಮರದ ತುಂಡು ಒತ್ತಿಟ್ಟು, ಅದು ಒಣಗುವ ತನಕ ಅಡುಗೆಮನೆಯಲ್ಲಿ ಕೂತು ಚಹಾ ಕುಡಿದು, ಅಮ್ಮನ ವಿಷಯ ಇನ್ನೊಂದಿಷ್ಟು ಕೇಳಿಸಿಕೊಂಡು ಬಂದ. ಆಮೇಲೆ ಮೇಲಿನ ಮೂಲೆ ಎದ್ದಿತು. ಆಮೇಲೆ ನಡುವೆ ಗುಳ್ಳೆ. ಹಳೆಯ ಅಂಟು ಕೆರೆದು, ನೀರಿಗೆ ಜಗ್ಗದ ಬೇರೆ ಅಂಟು ಹಾಕಿದರೆ ಒಂದೇ ಸಲಕ್ಕೆ ಮುಗಿದುಹೋಗುತ್ತದೆ ಅಂತ ಅವನಿಗೆ ಗೊತ್ತಿದೆ. ಆ ಅಂಟಿನ ಡಬ್ಬ ಕಾರ್ಖಾನೆಯಲ್ಲಿ ಅವನ ಕಪಾಟಿನಲ್ಲೇ ಇದೆ. ತರಬೇಕು ಅಂತ ಪ್ರತಿ ಸಲವೂ ಅಂದುಕೊಳ್ಳುತ್ತಾನೆ. ಹೊರಡುವ ಹೊತ್ತಿಗೆ ಮರೆತಿರುತ್ತಾನೆ.